ಬ್ರಿಟಿಷರ ‘ಟೆಲಿ’: ಟಿವಿಗೆ ಇಟ್ಟ ಮುದ್ದು ಹೆಸರು

ನಾನು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದ ಮೊದಲ ಚಳಿಗಾಲ. ಸಂಜೆ ನಾಲ್ಕಕ್ಕೇ ಕತ್ತಲು. ಕಸದ ಡಬ್ಬಿ ಹೊರಗಿಡಲು ಬಂದ ಪಕ್ಕದ ಮನೆಯ ಅಜ್ಜಿ ನನ್ನನ್ನು ನೋಡಿ ನಿಂತರು. “ನಥಿಂಗ್ ಆನ್ ಟೆಲಿ ಟುನೈಟ್, ಈಸ್ ದೇರ್?” ಎಂದರು. ಟೆಲಿ ಅಂದ ಕೂಡಲೇ ನನಗೆ ಹೊಳೆದದ್ದು ಟೆಲಿಫೋನು. ಏನು ಹೇಳಬೇಕೋ ತೋಚಲಿಲ್ಲ. ನನ್ನ ಮುಖ ನೋಡಿ ಅವರಿಗೇ ಗೊತ್ತಾಯಿತು. ತಮ್ಮ ಕಿಟಕಿಯ ಕಡೆ ಕೈ ತೋರಿಸಿದರು. ತೆಳು ಪರದೆಯ ಹಿಂದೆ ನೀಲಿ ಬೆಳಕು ಹೊಯ್ದಾಡುತ್ತಿತ್ತು. ಓ, ಟಿವಿ! “ಇವತ್ತು ಟಿವಿಯಲ್ಲಿ ನೋಡುವಂಥದ್ದು ಏನೂ ಇಲ್ಲ, ಅಲ್ವಾ?” ಅಷ್ಟೇ ಅವರು ಕೇಳಿದ್ದು.

ಟೆಲಿ ಎಂದರೆ ಟೆಲಿವಿಷನ್. ಅರ್ಥ ತಿಳಿಯಲು ಅರ್ಧ ನಿಮಿಷ ಸಾಕು. ಆದರೆ ಯಾರ ಹತ್ತಿರ ಹೇಳಬೇಕು, ಎಲ್ಲಿ ಹೇಳಬಾರದು, ಅದರ ಹಿಂದೆ ‘ಆನ್’ ಬರುತ್ತದೋ ‘ಇನ್’ ಬರುತ್ತದೋ, ‘ದ’ ಬೇಕೋ ಬೇಡವೋ ಎಂಬುದೆಲ್ಲ ಕೈಗೆ ಸಿಗಲು ಸಮಯ ಹಿಡಿಯುತ್ತದೆ. ನಮ್ಮ ಶಾಲೆಯ ಇಂಗ್ಲಿಷಿನಲ್ಲಿ ಈ ಪದ ಬರಲೇ ಇಲ್ಲ. ಕೆಲಸಕ್ಕೋ ಓದಿಗೋ ಬ್ರಿಟನ್ನಿಗೆ ಬರುವ ಕನ್ನಡದವರು ಮಾತ್ರ ಮೊದಲ ವಾರದಲ್ಲೇ ಇದನ್ನು ಕೇಳುತ್ತಾರೆ. ವಾರ್ಡಿನ ರೋಗಿ ಹೇಳುತ್ತಾರೆ, ಬಾಡಿಗೆ ಮನೆಯ ಓನರ್ ಹೇಳುತ್ತಾರೆ, ಆಫೀಸಿನಲ್ಲಿ ಟೀ ಮಾಡುತ್ತಾ ನಿಂತವರು ಹೇಳುತ್ತಾರೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳೋಣ ಅನ್ನಿಸಿತು.

ಈ ಪದವನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ವ್ಯಾಕರಣಕ್ಕಿಂತ ನಮ್ಮ ಮನೆಗಳೇ ಜಾಸ್ತಿ ಸಹಾಯ ಮಾಡುತ್ತವೆ. ಕೃಷ್ಣಮೂರ್ತಿ ಮನೆಯಲ್ಲಿ ಕಿಟ್ಟಿ. ನಾರಾಯಣ ನಾಣಿ. ವೆಂಕಟೇಶ ವೆಂಕಿ. ಪದ್ಮಾವತಿ ಪದ್ದಿ. ಲಕ್ಷ್ಮಿ ಲಚ್ಚಿ. ಏನು ಮಾಡಿದ್ದೇವೆ ನೋಡಿ. ಉದ್ದದ ಹೆಸರಿನ ಮೊದಲ ತುಂಡನ್ನು ಇಟ್ಟುಕೊಂಡು, ಅದನ್ನು ಸ್ವಲ್ಪ ಮೆದು ಮಾಡಿ, ಕೊನೆಗೆ ಒಂದು ‘ಇ’ ಹಚ್ಚಿದ್ದೇವೆ. ಬ್ರಿಟಿಷರೂ ಹೀಗೇ ಮಾಡುತ್ತಾರೆ. ಮನುಷ್ಯರ ಹೆಸರಿಗಷ್ಟೇ ಅಲ್ಲ, ಮನೆಯ ಸಾಮಾನಿಗೂ ಮಾಡುತ್ತಾರೆ. ಹ್ಯಾಂಡ್‌ಕರ್ಚೀಫ್ ‘ಹ್ಯಾಂಕಿ’ ಆಗುತ್ತದೆ. ಫುಟ್‌ಬಾಲ್ ‘ಫುಟಿ’. ಬ್ರೇಕ್‌ಫಾಸ್ಟ್ ‘ಬ್ರೆಕಿ’. ಬಿಸ್ಕತ್ತು ‘ಬಿಕಿ’. ಅಂಬ್ರೆಲಾದಲ್ಲಿ ಮಾತ್ರ ಮೊದಲ ತುಂಡು ಬಿಟ್ಟು ನಡುವಿನದ್ದನ್ನು ಹಿಡಿದು ‘ಬ್ರಾಲಿ’ ಎನ್ನುತ್ತಾರೆ. ಮಳೆಯಲ್ಲಿ ಹಾಕುವ ಉದ್ದದ ರಬ್ಬರ್ ಬೂಟು ‘ವೆಲಿ’. ಅದು ವೆಲ್ಲಿಂಗ್ಟನ್ ಬೂಟು. ವೆಲ್ಲಿಂಗ್ಟನ್ನಿನ ಡ್ಯೂಕ್ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ. ಆ ಹೆಸರು ಇವತ್ತು ಇಲ್ಲಿನ ಮಕ್ಕಳ ಕಾಲಿನ ಬೂಟಾಗಿ ಕೆಸರಿನಲ್ಲಿ ಓಡಾಡುತ್ತಿದೆ.

ಟೆಲಿವಿಷನ್ ಹೀಗೆಯೇ ಟೆಲಿ ಆಯಿತು. ಅಂದರೆ ಇದು ಬರೀ ಸಂಕ್ಷೇಪ ಅಲ್ಲ. ಟಿವಿ ಎನ್ನುವುದು ಸಂಕ್ಷೇಪ, ಎರಡು ಅಕ್ಷರ ಹೆಕ್ಕಿ ಜೋಡಿಸಿದ್ದು. ಟೆಲಿ ಮುದ್ದು ಹೆಸರು. ಕೃ.ಮೂ. ಎಂದು ಬರೆಯುವುದಕ್ಕೂ ಕಿಟ್ಟಿ ಎಂದು ಕರೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಇಲ್ಲೂ ಅಷ್ಟೇ ಇದೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದ್ದೆಲ್ಲ ಸುಲಭ.

ಮೊದಲು ಬಾಯಿಗೆ ಬರುವ ಬಗೆ. ಇಂಗ್ಲಿಷಿನಲ್ಲಿ ಬರೆಯುವಾಗ ಎಲ್ ಅಕ್ಷರ ಎರಡು ಸಲ ಬರುತ್ತದೆ. ಅದನ್ನು ನೋಡಿ ನಾವು ‘ಟೆಲ್ಲಿ’ ಎನ್ನುತ್ತೇವೆ. ಡಿನ್ನರ್, ಸಮ್ಮರ್, ಹ್ಯಾಪ್ಪಿ ಎನ್ನುವುದಿಲ್ಲವೇ, ಹಾಗೆ. ಕನ್ನಡದಲ್ಲಿ ಒತ್ತು ಇದ್ದರೆ ಒತ್ತಿಯೇ ಹೇಳಬೇಕು. ಇಲ್ಲದಿದ್ದರೆ ಅರ್ಥವೇ ಕೆಡುತ್ತದೆ. ಎಲೆ ಬೇರೆ, ಎಲ್ಲೆ ಬೇರೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಜೋಡಿ ಅಕ್ಷರ ಇರುವುದು ಕಣ್ಣಿಗೆ. ಅದರ ಹಿಂದಿನ ಸ್ವರ ಚಿಕ್ಕದು ಎಂದು ತೋರಿಸುವ ಗುರುತು ಅದು. ಡಿನರ್ ಎಂಬ ಪದದಿಂದ ಒಂದು ಎನ್ ತೆಗೆದು ನೋಡಿ, ಅದು ‘ಡೈನರ್’ ಆಗಿಬಿಡುತ್ತದೆ. ಹಾಗಾಗಿ ಬಾಯಲ್ಲಿ ಹೇಳುವಾಗ ಟೆಲಿ. ‘ಟೆ’ ಮೇಲೆ ಭಾರ, ‘ಲಿ’ ಹಗುರ. ಕಾಮರ್ಸ್ ಓದಿ ಬಂದವರಿಗೆ ಇದು ‘ಟ್ಯಾಲಿ’ ಎಂದು ಕೇಳಿಸುವುದುಂಟು. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯ ಲೆಕ್ಕದ ಸಾಫ್ಟ್‌ವೇರು. ಅದಕ್ಕೆ ಬಾಯಿ ಅಗಲಿಸಬೇಕು, ಇದಕ್ಕೆ ಬೇಡ.

ಇನ್ನು ವಾಕ್ಯಕ್ಕೆ ಬರೋಣ. ನಾವು ಕನ್ನಡದಲ್ಲಿ “ಟಿವಿಯಲ್ಲಿ ಏನು ಬರ್ತಿದೆ?” ಎನ್ನುತ್ತೇವೆ. ‘ಅಲ್ಲಿ’ ಇದೆಯಲ್ಲ ಎಂದು ಅನೇಕರು ‘ಇನ್ ದ ಟೆಲಿ’ ಎಂದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಕಾರ್ಯಕ್ರಮ ಬರುವುದು ಟಿವಿಯ ಒಳಗಲ್ಲ, ‘ಆನ್’. “ವಾಟ್ಸ್ ಆನ್ ಟೆಲಿ?” ಎಂದರೆ ಟಿವಿಯಲ್ಲಿ ಏನಿದೆ. “ದೇರ್ಸ್ ಎ ಗುಡ್ ಫಿಲ್ಮ್ ಆನ್ ದ ಟೆಲಿ” ಎಂದರೆ ಒಳ್ಳೆಯ ಸಿನಿಮಾ ಬರ್ತಿದೆ. ‘ಇನ್ ದ ಟೆಲಿ’ ಎಂದರೆ ಪೆಟ್ಟಿಗೆಯ ಒಳಗೆ ಏನೋ ಸಿಕ್ಕಿಹಾಕಿಕೊಂಡಿದೆ ಎಂದಾಗುತ್ತದೆ.

ತಮಾಷೆ ಏನೆಂದರೆ ಅದೇ ‘ಆನ್ ದ ಟೆಲಿ’ಗೆ ‘ಟಿವಿಯ ಮೇಲೆ’ ಎಂಬ ಅರ್ಥವೂ ಇದೆ. ಹಳೆಯ ದಪ್ಪ ಟಿವಿಗಳ ಕಾಲ ನೆನಪಿದೆಯಲ್ಲ? ನಮ್ಮ ಮನೆಗಳಲ್ಲಿ ಅದರ ಮೇಲೆ ಕ್ರೋಶಾ ಬಟ್ಟೆ, ಬಟ್ಟೆಯ ಮೇಲೆ ಚನ್ನಪಟ್ಟಣದ ಬೊಂಬೆ. ಇಲ್ಲಿನ ಮನೆಗಳಲ್ಲೂ ಫೋಟೊ, ಹೂದಾನಿ ಇಡುತ್ತಿದ್ದರು. ಕನ್ನಡದಲ್ಲಿ ‘ಟಿವಿಯಲ್ಲಿ’ ಬೇರೆ, ‘ಟಿವಿ ಮೇಲೆ’ ಬೇರೆ, ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಆನ್’. ಬೆಕ್ಕು ಟೆಲಿ ಮೇಲೆ ಕೂತಿದೆಯೋ ಟೆಲಿಯಲ್ಲಿ ಬರುತ್ತಿದೆಯೋ ಎಂಬುದನ್ನು ಸಂದರ್ಭವೇ ಹೇಳಬೇಕು.

‘ದ’ ಬೇಕೇ ಬೇಡವೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ‘ಆನ್ ಟೆಲಿ’, ‘ಆನ್ ದ ಟೆಲಿ’ ಎರಡೂ ಸರಿ. ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ‘ವಾಚ್’ ಜೊತೆ ಬಂದಾಗ ‘ದ’ ಬಹಳ ಸಲ ಬಿದ್ದುಹೋಗುತ್ತದೆ. “ವಿ ವಾಚ್ಡ್ ಎ ಬಿಟ್ ಆಫ್ ಟೆಲಿ.” ಸ್ವಲ್ಪ ಹೊತ್ತು ಟಿವಿ ನೋಡಿದೆವು. ಇಲ್ಲಿ ಟೆಲಿ ಒಂದು ವಸ್ತು ಅಲ್ಲ, ಒಂದು ಕೆಲಸ. ಇದು ನಮಗೆ ಹೊಸದೇನಲ್ಲ. “ಟಿವಿ ನೋಡ್ತಾ ಇದ್ದೀನಿ” ಎನ್ನುವಾಗ ನಾವು ‘ಅನ್ನು’ ಹಚ್ಚುವುದಿಲ್ಲ. “ಆ ಟಿವಿಯನ್ನು ನೋಡು, ಗೋಡೆಯಷ್ಟು ದೊಡ್ಡದಿದೆ” ಎನ್ನುವಾಗ ಹಚ್ಚುತ್ತೇವೆ. ಮೊದಲನೆಯದು ಕಾಲ ಕಳೆಯುವ ಕೆಲಸ. ಎರಡನೆಯದು ಕಣ್ಣೆದುರಿನ ಪೆಟ್ಟಿಗೆ. ನಾವು ‘ಅನ್ನು’ ಬಿಟ್ಟು ಹೇಳುವುದನ್ನೇ ಅವರು ‘ದ’ ಬಿಟ್ಟು ಹೇಳುತ್ತಾರೆ. ನನಗೆ ಈ ಹೋಲಿಕೆ ಹೊಳೆದ ದಿನದಿಂದ ‘ದ’ ಬಗ್ಗೆ ಯೋಚಿಸುವುದೇ ನಿಂತುಹೋಯಿತು.

ಪೆಟ್ಟಿಗೆಯ ಬಗ್ಗೆಯೇ ಮಾತಾಡುವಾಗ ಎಣಿಸಬಹುದು. “ವಿ ನೀಡ್ ಎ ನ್ಯೂ ಟೆಲಿ.” ಹೊಸ ಟಿವಿ ತಗೋಬೇಕು. ಎರಡು ಇದ್ದರೆ ‘ಟೂ ಟೆಲೀಸ್’.

ಹಾಕುವುದು, ಆರಿಸುವುದು ಹೇಗೆ? “ಪುಟ್ ದ ಟೆಲಿ ಆನ್.” ಪುಟ್ ಎಂದರೆ ಹಾಕು. ನಮ್ಮ “ಟಿವಿ ಹಾಕು” ಇಲ್ಲಿ ಹಾಗೇ ಕೂತುಬಿಡುತ್ತದೆ. ಆರಿಸಲು ‘ಟರ್ನ್ ಆಫ್’, ‘ಸ್ವಿಚ್ ಆಫ್’ ಯಾವುದಾದರೂ ನಡೆಯುತ್ತದೆ. ಸೌಂಡ್ ಜಾಸ್ತಿ ಮಾಡಲು ‘ಟರ್ನ್ ಅಪ್’, ಕಡಿಮೆ ಮಾಡಲು ‘ಟರ್ನ್ ಡೌನ್’. ವಾರ್ಡಿನಲ್ಲಿ ಕೆಲಸ ಮಾಡುವ ನನ್ನ ಗೆಳತಿ ದಿನಕ್ಕೆ ಹತ್ತು ಸಲ ಕೇಳುವ ವಾಕ್ಯ ಇದು: “ಕುಡ್ ಯು ಟರ್ನ್ ದ ಟೆಲಿ ಡೌನ್ ಎ ಬಿಟ್, ಲವ್?” ಕೊನೆಯ ‘ಲವ್’ ಇಲ್ಲಿ ನಮ್ಮ ‘ಪುಟ್ಟಾ’, ‘ಮಗಳೇ’ ಇದ್ದ ಹಾಗೆ. ಬೇರೆ ಅರ್ಥ ಹುಡುಕಬೇಕಿಲ್ಲ.

ಚಾನೆಲ್ ಬದಲಿಸುವುದಕ್ಕೆ ‘ಟರ್ನ್ ಓವರ್’ ಎನ್ನುತ್ತಾರೆ. ವಯಸ್ಸಾದವರ ಬಾಯಲ್ಲಿ ಇನ್ನೊಂದು ಮಾತು ಬರುತ್ತದೆ. “ವಾಟ್ಸ್ ಆನ್ ದಿ ಅದರ್ ಸೈಡ್?” ಇನ್ನೊಂದು ಕಡೆ ಏನು ಬರ್ತಿದೆ? ಯಾವ ಕಡೆ? ಇದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಾನ್ ಲೋಗಿ ಬೇರ್ಡ್ ಎಂಬ ಸ್ಕಾಟ್ಲೆಂಡಿನವನು 1926ರ ಜನವರಿ 26ರಂದು ಲಂಡನ್ನಿನ ಸೋಹೊದಲ್ಲಿ, ಫ್ರಿತ್ ಸ್ಟ್ರೀಟಿನ ಮಹಡಿಯ ಕೋಣೆಯೊಂದರಲ್ಲಿ, ಓಡಾಡುವ ಚಿತ್ರವನ್ನು ಯಂತ್ರದ ಮೂಲಕ ಕಳಿಸಿ ತೋರಿಸಿದ. ಹತ್ತು ವರ್ಷದ ನಂತರ, 1936ರ ನವೆಂಬರ್ 2ರಂದು, ಬಿಬಿಸಿ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಟಿವಿ ಪ್ರಸಾರ ಶುರು ಮಾಡಿತು. ಮಹಾಯುದ್ಧ ಬಂದಾಗ 1939ರಲ್ಲಿ ನಿಲ್ಲಿಸಿ 1946ರ ಜೂನ್‌ನಲ್ಲಿ ಮತ್ತೆ ಹಚ್ಚಿದರು. ಆಗೆಲ್ಲ ಇದ್ದದ್ದು ಒಂದೇ ಚಾನೆಲ್. ಟಿವಿ ಎಂದರೆ ಬಿಬಿಸಿ, ಬಿಬಿಸಿ ಎಂದರೆ ಟಿವಿ. ನಮಗೆ ಒಂದು ಕಾಲದಲ್ಲಿ ದೂರದರ್ಶನ ಇದ್ದ ಹಾಗೆ.

1953ರ ಜೂನ್ 2ರಂದು ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ಬ್ರಿಟನ್ನಿನಲ್ಲಿ ಸುಮಾರು 2 ಕೋಟಿ ಜನ ಅದನ್ನು ಟಿವಿಯಲ್ಲಿ ನೋಡಿದರು ಎಂಬ ಅಂದಾಜಿದೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನೋಡಿದ್ದು ತಮ್ಮ ಮನೆಯಲ್ಲಲ್ಲ, ಬೇರೆಯವರ ಮನೆಯಲ್ಲಿ. ಇದನ್ನು ಓದಿದಾಗ ನನಗೆ 1987ರ ಭಾನುವಾರದ ಬೆಳಗ್ಗೆಗಳು ನೆನಪಾದವು. ರಾಮಾಯಣ ಶುರುವಾಗುವ ಹೊತ್ತಿಗೆ ಬೀದಿಗೆ ಬೀದಿಯೇ ಟಿವಿ ಇದ್ದವರ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿರುತ್ತಿತ್ತು. ಚಪ್ಪಲಿಗಳ ರಾಶಿ ಬಾಗಿಲಿನಿಂದ ಗೇಟಿನವರೆಗೆ. ಒಂದು ವಸ್ತುವಿಗೆ ಮುದ್ದು ಹೆಸರು ಅಂಟಿಕೊಳ್ಳುವುದು ಇಂಥ ಕಾಲದಲ್ಲೇ ಅಲ್ವಾ? ಅದು ಮನೆಯೊಳಗೆ ಬಂದು ಕೂತು, ಎಲ್ಲರನ್ನೂ ತನ್ನ ಮುಂದೆ ಕೂರಿಸಿಕೊಂಡಾಗ.

ಎರಡನೆಯ ಚಾನೆಲ್ ಬಂದದ್ದು 1955ರ ಸೆಪ್ಟೆಂಬರ್ 22ರಂದು. ಅದು ಐಟಿವಿ. ಮೊದಲು ಲಂಡನ್ ಸುತ್ತಮುತ್ತ, ಆಮೇಲೆ ನಿಧಾನಕ್ಕೆ ಬೇರೆ ಊರುಗಳಿಗೆ. 1964ರಲ್ಲಿ ಬಿಬಿಸಿ 2 ಬರುವವರೆಗೆ ಇದ್ದದ್ದು ಇವೆರಡೇ. ಒಂದು ಬೇಡ ಎಂದರೆ ಇನ್ನೊಂದು. ಅದೇ ‘ಅದರ್ ಸೈಡ್’. ದೋಸೆ ಮಗುಚಿದ ಹಾಗೆ ಆ ಕಡೆ ಇಲ್ಲವೇ ಈ ಕಡೆ. ಇವತ್ತು ನೂರಾರು ಚಾನೆಲ್ ಇದ್ದರೂ ಆ ಮಾತು ಹಳಬರ ನಾಲಿಗೆಯಲ್ಲಿ ಉಳಿದಿದೆ.

ನನಗೆ ಬಹಳ ಇಷ್ಟವಾದ ಬಳಕೆ ಒಂದಿದೆ. ‘ಆಫ್ ದ ಟೆಲಿ’. ಬಸ್ಸಿನಲ್ಲಿ ಯಾರೋ ಪಕ್ಕದವರ ಮೊಣಕೈ ತಿವಿದು, “ಈಸಂಟ್ ದಟ್ ಹರ್ ಆಫ್ ದ ಟೆಲಿ?” ಎನ್ನುತ್ತಾರೆ. ಟಿವಿಯಲ್ಲಿ ಬರ್ತಾರಲ್ಲ, ಅವರೇ ಅಲ್ವಾ ಇವರು? ‘ದಟ್ ಬ್ಲೋಕ್ ಆಫ್ ದ ಟೆಲಿ’ ಎಂದರೆ ಟಿವಿಯಲ್ಲಿ ಬರುವ ಆ ಮನುಷ್ಯ. ಇಲ್ಲಿ ‘ಆಫ್’ ಎಂದರೆ ಆರಿಸುವುದಲ್ಲ. ಅಲ್ಲಿಂದ ಬಂದವರು, ಅಲ್ಲಿ ಕಂಡವರು ಎಂದು. ಶಾಲೆಯ ವ್ಯಾಕರಣ ಇದನ್ನು ಒಪ್ಪುವುದಿಲ್ಲ. ಬೀದಿ ಒಪ್ಪುತ್ತದೆ. ನೀವೇ ಹೇಳಬೇಕೆಂದಿಲ್ಲ, ಆದರೆ ಕೇಳಿದಾಗ ತಿಳಿಯಬೇಕು. ಯಾಕೆಂದರೆ ಇದನ್ನು ಆಡುವವರು ನಿಧಾನವಾಗಿ ಬಿಡಿಸಿ ಹೇಳುವುದಿಲ್ಲ.

‘ಟೀ ಇನ್ ಫ್ರಂಟ್ ಆಫ್ ದ ಟೆಲಿ’ ಕೂಡ ಹಾಗೇ. ಉತ್ತರ ಇಂಗ್ಲೆಂಡಿನ ಬಹಳ ಮನೆಗಳಲ್ಲಿ ಟೀ ಎಂದರೆ ಸಂಜೆಯ ಊಟ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟಿವಿ ಮುಂದೆ ಉಣ್ಣುವುದು. ಲೋಟದ ಚಹಾ ಎಂದುಕೊಂಡು ಹೊಟ್ಟೆ ತುಂಬ ತಿಂದು ಹೋದರೆ ಕಷ್ಟ.

ಇಷ್ಟು ಹೇಳಿದ ಮೇಲೆ, ಎಲ್ಲಿ ಬಳಸಬಾರದು ಎಂಬುದನ್ನೂ ಹೇಳಬೇಕು. ಅಪ್ಪನಿಗೆ ಕಾಗದ ಬರೆಯುವಾಗ ಹಿಂದಿನವರು ‘ತೀರ್ಥರೂಪು’ ಎಂದು ಶುರು ಮಾಡುತ್ತಿದ್ದರು. ಅರ್ಜಿಯಲ್ಲಿ ‘ತಂದೆಯ ಹೆಸರು’. ಮನೆಯಲ್ಲಿ ‘ಅಪ್ಪ’. ಮನುಷ್ಯ ಒಬ್ಬನೇ, ಹೆಸರು ಮೂರು. ಟೆಲಿವಿಷನ್, ಟಿವಿ, ಟೆಲಿ ಕೂಡ ಹೀಗೇ ನಿಂತಿವೆ. ಪ್ರಬಂಧ, ವರದಿ, ದೊಡ್ಡ ಸಂಸ್ಥೆಯ ಹೆಸರು ಇಲ್ಲೆಲ್ಲ ಟೆಲಿವಿಷನ್. ಅಂಗಡಿಯ ಬೋರ್ಡು, ಬಿಲ್ಲು, ಅರ್ಜಿ ಇಲ್ಲೆಲ್ಲ ಟಿವಿ. ಟೆಲಿ ಮಾತಿಗೆ, ಮೆಸೇಜಿಗೆ, ಪತ್ರಿಕೆಯ ಮನರಂಜನೆ ಪುಟಕ್ಕೆ. ಕೆಲಸದ ಇಂಟರ್‌ವ್ಯೂನಲ್ಲಿ ಟಿವಿ ಎಂದರೆ ಸಾಕು. ಆದರೆ ಅದೇ ಆಫೀಸಿನಲ್ಲಿ ಸೋಮವಾರ ಬೆಳಗ್ಗೆ ಯಾರಾದರೂ ವೀಕೆಂಡ್ ಹೇಗಿತ್ತು ಎಂದು ಕೇಳಿದರೆ, “ಐ ವಾಚ್ಡ್ ಟೆಲಿವಿಷನ್” ಎನ್ನುವುದು ಗೆಳೆಯರ ಮುಂದೆ ‘ನನ್ನ ತೀರ್ಥರೂಪರು’ ಎಂದ ಹಾಗೆ ಕೇಳಿಸುತ್ತದೆ. ತಪ್ಪೇನಿಲ್ಲ, ಆದರೆ ಬಿಗಿಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಟಿವಿ ಲೈಸೆನ್ಸ್. ಬ್ರಿಟನ್ನಿನಲ್ಲಿ ಯಾವುದೇ ಚಾನೆಲನ್ನು ನೇರಪ್ರಸಾರದಲ್ಲಿ ನೋಡಬೇಕಾದರೆ, ಇಲ್ಲವೇ ಇಂಟರ್ನೆಟ್ಟಿನಲ್ಲಿ ಕಾರ್ಯಕ್ರಮ ತೋರಿಸುವ ಬಿಬಿಸಿಯ ಐಪ್ಲೇಯರ್ ಬಳಸಬೇಕಾದರೆ, ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ಅದರ ವರ್ಷದ ಶುಲ್ಕ 174 ಪೌಂಡ್ 50 ಪೆನ್ಸ್ ಆಯಿತು. ಹೊಸದಾಗಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ಬಾಡಿಗೆ ಮನೆಗೆ ಕಾಲಿಟ್ಟ ಕೆಲವೇ ದಿನದಲ್ಲಿ ಕಾಗದ ಬಂದಾಗ ಗಾಬರಿಯಾಗುತ್ತಾರೆ. ಅದಕ್ಕೇ ಇಲ್ಲಿ ಬರೆದೆ, ದಯವಿಟ್ಟು ನೆನಪಿಡಿ. ಆ ಕಾಗದದಲ್ಲಿ ಇರುವುದು ‘ಟಿವಿ ಲೈಸೆನ್ಸ್’. ಪಕ್ಕದ ಮನೆಯವರು ಬಂದು ಕೇಳುವುದು ‘ಟೆಲಿ ಲೈಸೆನ್ಸ್’ ಕಟ್ಟಿದ್ರಾ ಎಂದು. ನಮ್ಮಲ್ಲೂ ರೇಡಿಯೊಗೆ, ಟಿವಿಗೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟುವ ಪದ್ಧತಿ 1980ರ ದಶಕದವರೆಗೆ ಇತ್ತು. ಮನೆಯ ಹಿರಿಯರನ್ನು ಕೇಳಿ, ಆ ಪುಟ್ಟ ಪುಸ್ತಕ ಅವರಿಗೆ ನೆನಪಿರುತ್ತದೆ.

ಈಗ ಪೆಟ್ಟಿಗೆಯೇ ಬದಲಾಗಿದೆ. ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಡುತ್ತೇವೆ. ಪದ ಮಾತ್ರ ಹೋಗಲಿಲ್ಲ. ಟೆಲಿ ಎಂದರೆ ಪೆಟ್ಟಿಗೆ ಎಂಬುದರ ಜೊತೆಗೆ ಅದರಲ್ಲಿ ಬರುವುದು ಎಂಬ ಅರ್ಥವೂ ಗಟ್ಟಿಯಾಗಿದೆ. “ದಟ್ ವಾಸ್ ಗುಡ್ ಟೆಲಿ” ಎಂದರೆ ಪೆಟ್ಟಿಗೆ ಚೆನ್ನಾಗಿದೆ ಎಂದಲ್ಲ, ಕಾರ್ಯಕ್ರಮ ಚೆನ್ನಾಗಿತ್ತು ಎಂದು. ‘ಡೇಟೈಮ್ ಟೆಲಿ’ ಎಂದರೆ ಹಗಲು ಹೊತ್ತಿನ ಕಾರ್ಯಕ್ರಮಗಳು. ಈ ಅರ್ಥದಲ್ಲಿ ಅದನ್ನು ಎಣಿಸಲಾಗುವುದಿಲ್ಲ, ‘ಎ ಗುಡ್ ಟೆಲಿ’ ಎಂದರೆ ಮತ್ತೆ ಪೆಟ್ಟಿಗೆಗೇ ಹೋಗುತ್ತೇವೆ.

ಟೆಲಿಗೆ ಅಣ್ಣತಮ್ಮಂದಿರೂ ಇದ್ದಾರೆ. ‘ದ ಬಾಕ್ಸ್’ ಎಂದರೂ ಟಿವಿಯೇ. ಕಣ್ಣು ಕಣ್ಣು ಬಿಟ್ಟುಕೊಂಡು ನೋಡುವುದಕ್ಕೆ ‘ಗಾಗಲ್’ ಎನ್ನುತ್ತಾರೆ, ಅದರಿಂದ ‘ಗಾಗಲ್‌ಬಾಕ್ಸ್’. ಆ ಹೆಸರಿನ ಕಾರ್ಯಕ್ರಮವೊಂದು 2013ರಿಂದ ಚಾನೆಲ್ 4ರಲ್ಲಿ ಬರುತ್ತಿದೆ. ಬೇರೆ ಬೇರೆ ಊರಿನ ಮನೆಗಳವರು ತಮ್ಮ ಸೋಫಾದಲ್ಲಿ ಕೂತು ಟಿವಿ ನೋಡುತ್ತಾ ಮಾತಾಡುವುದೇ ಕಾರ್ಯಕ್ರಮ. ಬ್ರಿಟಿಷರ ಮನೆಮಾತು ಕಲಿಯಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಒಂದೊಂದು ಊರಿನ ಉಚ್ಚಾರಣೆ, ಒಂದೊಂದು ಮನೆಯ ಕೀಟಲೆ ಎಲ್ಲ ಕಿವಿಗೆ ಬೀಳುತ್ತದೆ. ಇನ್ನು ಟಿವಿ ಮುಂದಿನಿಂದ ಏಳದ ಮಕ್ಕಳಿಗೆ “ಯು ವಿಲ್ ಗೆಟ್ ಸ್ಕ್ವೇರ್ ಐಸ್” ಎಂದು ಗದರಿಸುತ್ತಾರೆ. ಕಣ್ಣು ಚೌಕವಾಗುತ್ತದೆ ಎಂದು. ನಮ್ಮ ಅಮ್ಮಂದಿರು ಕಣ್ಣು ಹೋಗತ್ತೆ ಎನ್ನುತ್ತಿದ್ದರು.

ಬ್ರಿಟನ್ನಿನ ಹೊರಗೆ ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲೂ ಟೆಲಿ ನಡೆಯುತ್ತದೆ. ಅಮೆರಿಕದವರಿಗೆ ಅರ್ಥವಾಗುತ್ತದೆ, ಆದರೆ ಅವರು ಹೇಳುವುದು ಟಿವಿ. ನಮ್ಮ ಹಾಗೆ.

ಕನ್ನಡದಲ್ಲಿ ಟೆಲಿವಿಷನ್‌ಗೆ ದೂರದರ್ಶನ ಎಂಬ ಅಚ್ಚುಕಟ್ಟಾದ ಪದ ಇದೆ. ಟೆಲಿ ಎಂದರೆ ದೂರ, ವಿಷನ್ ಎಂದರೆ ನೋಟ, ಎರಡೂ ಅದರಲ್ಲಿ ಬಂದಿವೆ. ಆದರೆ ಅದು ಸರ್ಕಾರಿ ಸಂಸ್ಥೆಯ ಹೆಸರಾಗಿ ನಿಂತಿತು. ಮನೆಮಾತಿಗೆ ಟಿವಿ ಬಂತು. ಅದಕ್ಕೆ ನಾವು ಮುದ್ದು ಹೆಸರು ಇಡಲೇ ಇಲ್ಲ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಆ ಕೆಲಸವನ್ನು ತಾವೇ ಮಾಡಿಕೊಂಡಿದ್ದಾರೆ. ನನ್ನ ಅಕ್ಕನ ಮಗಳಿಗೆ ಆರು ವರ್ಷ. ಹುಟ್ಟಿದ್ದು ಲೆಸ್ಟರ್‌ನಲ್ಲೇ. ಶಾಲೆಯಿಂದ ಬಂದವಳು ಬೂಟು ಕಳಚುತ್ತಾ, “ಚಿಕ್ಕಮ್ಮಾ, ಟೆಲೀಲಿ ಏನ್ ಬರ್ತಿದೆ?” ಎನ್ನುತ್ತಾಳೆ. ಅವರ ಪದ, ನಮ್ಮ ವಿಭಕ್ತಿ. ‘ಆನ್’ ಇಲ್ಲ, ‘ದ’ ಇಲ್ಲ. ಭಾನುವಾರ ಶಿವಮೊಗ್ಗದಿಂದ ಅವಳ ಅಜ್ಜಿ ವಿಡಿಯೊ ಕಾಲ್ ಮಾಡುತ್ತಾರೆ. ಏನು ಮಾಡ್ತಿದ್ದೀಯ ಪುಟ್ಟಿ ಎಂದು ಕೇಳುತ್ತಾರೆ. “ಟಿವಿ ನೋಡ್ತಿದ್ದೀನಿ ಅಜ್ಜಿ” ಎನ್ನುತ್ತಾಳೆ. ಅಜ್ಜಿಯ ಹತ್ತಿರ ಟೆಲಿ ಎನ್ನಬೇಡ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.